ಹರಕೆಯ ಕುರಿಯ ಕಡೆ ನಿಂತು ನೋಡಿದಾಗ



‘ಹರಕೆಯ ಕುರಿ’ ಎಂಬ ಮಾತನ್ನು ನೀವು ಆಗಾಗ ಕೇಳಿರುತ್ತೀರಿ. ಕಚೇರಿಯಲ್ಲಿ ಕಡತವೊಂದು ಕಳೆದುಹೋಗಿ ಅದರ ತಪ್ಪೆಲ್ಲ ಜವಾನನ ತಲೆಗೆ ಬಂದರೆ, ‘ಪಾಪ, ಅವನನ್ನು ಹರಕೆಯ ಕುರಿ ಮಾಡಿದರು’ ಎನ್ನುತ್ತೇವೆ. ಈ ಮಾತು ಬಂದದ್ದು ಗುಡಿಯ ಮುಂದೆ ನಿಜವಾಗಿಯೇ ಹರಿದ ರಕ್ತದಿಂದ. ಬಲಿ ಎಂಬುದು ಏಕೆ ಹುಟ್ಟಿತು? ಧರ್ಮದ ಹೆಸರಿನ ಹಿಂಸೆಯನ್ನು ಕ್ರೈಸ್ತ ಚಿಂತನೆ ಹೇಗೆ ಕಾಣುತ್ತದೆ? ಬಸವಣ್ಣನವರ ಜನ್ಮಭೂಮಿಯಾದ ವಿಜಯಪುರ ಜಿಲ್ಲೆಯಲ್ಲಿ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಏನು ಕಾಣುತ್ತದೆ? ಸ್ವಲ್ಪ ವಿಚಾರ ಮಾಡೋಣ.

ಜಗಳದಿಂದ ಬಲಿಯವರೆಗೆ

ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ರೆನೆ ಜಿರಾರ್ (1923–2015) ಈ ವಿಷಯವನ್ನು ಬಹುಕಾಲ ಅಭ್ಯಾಸ ಮಾಡಿದವರು. ಹಿಂಸೆ ಮತ್ತು ಪವಿತ್ರತೆಯ ಸಂಬಂಧ ಕುರಿತ ಅವರ ಪ್ರಸಿದ್ಧ ಗ್ರಂಥ ಪ್ರಕಟವಾದದ್ದು 1972ರಲ್ಲಿ. ಅವರ ವಾದವನ್ನು ನಮ್ಮ ಕಡೆಯ ಉದಾಹರಣೆಯಿಂದಲೇ ತಿಳಿಯಬಹುದು.

ಇಂಡಿ ತಾಲ್ಲೂಕಿನ ನಿಂಬೆ ತೋಟವೊಂದರಲ್ಲಿ ಕೊಳವೆಬಾವಿಗೆ ನೀರು ಬಿತ್ತು ಎಂದಿಟ್ಟುಕೊಳ್ಳಿ. ಬದುವಿನ ಆಚೆಯವನೂ ಬಾವಿ ಕೊರೆಸುತ್ತಾನೆ; ಅವನನ್ನು ನೋಡಿ ಮತ್ತೊಬ್ಬ. ಒಬ್ಬರ ಆಸೆಯನ್ನು ಇನ್ನೊಬ್ಬರು ಕಲಿಯುತ್ತಾರೆ. ಎಲ್ಲರೂ ಒಂದೇ ನೀರಿಗೆ ಕೈಚಾಚಿದಾಗ ಮನಸ್ತಾಪ ಬೆಳೆಯುತ್ತದೆ. ಅಷ್ಟರಲ್ಲಿ ಮಳೆಯೂ ಕೈಕೊಟ್ಟರೆ ಊರಿಗೆ ಊರೇ ‘ಇದು ಯಾರ ಪಾಪ?’ ಎಂದು ಕೇಳತೊಡಗುತ್ತದೆ. ಆಗ ಬೆರಳು ತಿರುಗುವುದು ಸಾಮಾನ್ಯವಾಗಿ ಯಾರ ಕಡೆಗೆ? ಒಂಟಿ ವಿಧವೆ, ಪರಸ್ಥಳದವನು, ಕೀಳೆಂದು ದೂರವಿಟ್ಟ ಜಾತಿಯವನು, ಹೀಗೆ ಪರವಾಗಿ ನಿಲ್ಲುವವರು ಯಾರೂ ಇಲ್ಲದವರ ಕಡೆಗೆ. ಎಲ್ಲರ ಸಿಟ್ಟೂ ಒಬ್ಬರ ಮೇಲೆ ಬಿದ್ದಾಗ ಉಳಿದವರೊಳಗೆ ತಾತ್ಕಾಲಿಕ ಒಗ್ಗಟ್ಟು ಮೂಡುತ್ತದೆ. ಆ ನೆಮ್ಮದಿಯನ್ನು ಮತ್ತೆ ಮತ್ತೆ ಪಡೆಯಲು ಮಾಡಿಕೊಂಡ ವ್ಯವಸ್ಥೆಯೇ ಬಲಿಯ ಆಚರಣೆ ಎಂಬುದು ಜಿರಾರ್ ಅವರ ತೀರ್ಮಾನ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಆದರೂ ನಮ್ಮ ಕೆಲವು ಕತೆಗಳನ್ನು ಅರ್ಥಮಾಡಿಕೊಳ್ಳಲು ಇದರಿಂದ ಸಹಾಯವಾಗುತ್ತದೆ.

ಕೋಣನ ಕತೆ ಹೇಳಿದವರು ಯಾರು?

ಗ್ರಾಮದೇವತೆಗೆ ಕೋಣ ಕಡಿಯುವುದರ ಹಿಂದಿನ ಕತೆಯನ್ನು ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಅಸ್ಪೃಶ್ಯನೆನಿಸಿಕೊಂಡ ಯುವಕನೊಬ್ಬ ಕುಲ ಮರೆಮಾಚಿ ಮೇಲ್ಜಾತಿಯ ಕನ್ಯೆಯನ್ನು ಮದುವೆಯಾದ. ಗುಟ್ಟು ರಟ್ಟಾದಾಗ ಆಕೆ ಕೋಪದಿಂದ ಉರಿದು ದೇವಿಯಾದಳು, ಅವನು ಕೋಣನಾದ. ಅವರ ಮಕ್ಕಳೇ ಕುರಿ, ಆಡುಗಳಾದರು ಎಂದೂ ಕೆಲವೆಡೆ ಹೇಳುತ್ತಾರೆ. ಹೀಗೆ ಕೋಣನನ್ನು ಕಡಿದಾಗಲೆಲ್ಲ ಜಾತಿಯ ಗೆರೆ ದಾಟಿದವನಿಗೆ ಮತ್ತೊಮ್ಮೆ ಶಿಕ್ಷೆಯಾಗುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ಈ ಕತೆಯಲ್ಲಿ ಸತ್ತವನೇ ತಪ್ಪಿತಸ್ಥ. ಅವನ ಅಹವಾಲು ಏನಿತ್ತೆಂದು ಯಾರೂ ಕೇಳುವುದಿಲ್ಲ. ಬಲಿಯ ಕತೆಯನ್ನು ಬಲಿ ಕೊಟ್ಟವರೇ ಹೇಳಿದರೆ ಅದು ಹೀಗೇ ಇರುತ್ತದೆ.

ಶಿಲುಬೆ ತಿರುಗಿಸಿದ ದೃಷ್ಟಿ

ಬೈಬಲಿನ ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಎರಡು ಹೋತಗಳ ವಿಧಿಯಿದೆ. ಚೀಟಿ ಹಾಕಿ ಒಂದನ್ನು ದೇವರಿಗೆ ಬಲಿಕೊಡುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಅರಿಕೆ ಮಾಡಿ, ಅದನ್ನು ಅಡವಿಗೆ ಅಟ್ಟಿಸುತ್ತಿದ್ದ. ಆದರೆ ಅದೇ ಬೈಬಲಿನಲ್ಲಿ ಹೋಶೇಯ, ಆಮೋಸರಂಥ ಪ್ರವಾದಿಗಳು ಕರುಣೆ, ನ್ಯಾಯಗಳಿಲ್ಲದ ಬಲಿ ದೇವರಿಗೆ ಬೇಡವೆಂದು ಗದರಿದ್ದಾರೆ.

ಯೇಸುವಿನ ಕತೆಯಲ್ಲಿ ಈ ದೃಷ್ಟಿ ಪೂರ್ಣವಾಗುತ್ತದೆ. ಜನಾಂಗವೆಲ್ಲ ನಾಶವಾಗುವುದಕ್ಕಿಂತ ಒಬ್ಬ ಸಾಯುವುದೇ ಲೇಸು ಎಂದು ಮಹಾಯಾಜಕ ಕಾಯಫ ಲೆಕ್ಕ ಹಾಕಿದ. ಜನ ಒಂದೇ ದನಿಯಲ್ಲಿ ಕೂಗಿದರು. ಇವನಲ್ಲಿ ತಪ್ಪು ಕಾಣಲಿಲ್ಲ ಎಂದ ರೋಮನ್ ಅಧಿಕಾರಿಯೂ ಜನರಿಗೆ ಮಣಿದ. ಘಟನೆ ಹಳೆಯ ಬಲಿಯದೇ. ಕತೆ ಹೇಳುವ ದನಿ ಮಾತ್ರ ಬೇರೆ. ಇಲ್ಲಿ ಬಲಿಯಾದವನು ನಿರಪರಾಧಿ, ಗುಂಪೇ ತಪ್ಪಿತಸ್ಥ. ಯೇಸುವಿನ ಬಲಿ ಒಮ್ಮೆಗೇ, ಎಲ್ಲ ಕಾಲಕ್ಕೂ ಆದದ್ದು. ಇನ್ನು ಪ್ರಾಣಿಬಲಿ ಬೇಕಿಲ್ಲ ಎಂದು ‘ಇಬ್ರಿಯರಿಗೆ ಬರೆದ ಪತ್ರಿಕೆ’ ವಿವರಿಸುತ್ತದೆ.

ಇಷ್ಟು ತಿಳಿದ ಕ್ರೈಸ್ತರು ಹಿಂಸೆ ಬಿಟ್ಟರೇ? ಇಲ್ಲ. 1096ರಲ್ಲಿ ಧರ್ಮಯುದ್ಧಕ್ಕೆ ಹೊರಟ ದಂಡುಗಳು ‘ಯೇಸುವನ್ನು ಕೊಂದವರು’ ಎಂದು ಜರೆದು ಜರ್ಮನಿಯ ರೈನ್ ನದಿ ದಂಡೆಯ ಊರುಗಳ ಯಹೂದಿಗಳನ್ನು ಕೊಂದವು. ನಮ್ಮ ನೆರೆಯ ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯ ಸ್ಥಾಪನೆಯಾಯಿತು. ಯೇಸುವಿನ ಸಾವಿಗೆ ಅಂದಿನ ಎಲ್ಲ ಯಹೂದಿಗಳನ್ನಾಗಲಿ ಇಂದಿನವರನ್ನಾಗಲಿ ಹೊಣೆ ಮಾಡಲಾಗದು ಎಂದು ಕ್ಯಾಥೊಲಿಕ್ ಸಭೆ ಸಾರಿದ್ದು 1965ರಲ್ಲಿ. ಬಲಿಯಾದವನ ಹೆಸರಿನಲ್ಲೇ ಹೊಸ ಬಲಿ ಹುಡುಕುವ ರೋಗ ಇದು.

ಬಾಗೇವಾಡಿಯ ಉತ್ತರ

ಈಗ ನಮ್ಮ ನೆಲಕ್ಕೆ ಬರೋಣ. ಬಲಿಗೆಂದು ಕಟ್ಟಿದ ಕುರಿ, ಹಬ್ಬದ ಅಲಂಕಾರದ ಸೊಪ್ಪನ್ನೇ ತಿನ್ನುತ್ತ ನಿಂತ ಚಿತ್ರ ಬಸವಣ್ಣನವರ ವಚನವೊಂದರಲ್ಲಿದೆ. ತನಗೇನು ಕಾದಿದೆ ಎಂಬ ಅರಿವಿಲ್ಲದೆ ಹಸಿವಿಗೆ ಮೇಯುವ ಆ ಮೂಕಪ್ರಾಣಿಯ ಪಕ್ಕದಲ್ಲಿ ನಿಂತು ಅವರು ಹಬ್ಬವನ್ನು ನೋಡಿದರು. ಕೊಲ್ಲುವವರ ಬಾಳೂ ಶಾಶ್ವತವಲ್ಲ ಎಂದು ಎಚ್ಚರಿಸಿದರು.

ಕಲ್ಯಾಣದಲ್ಲಿ ಇದೇ ಮಾತು ಮನುಷ್ಯರ ವಿಷಯದಲ್ಲಿ ಒರೆಗೆ ಹಚ್ಚಲ್ಪಟ್ಟಿತು. ಚಮ್ಮಾರ ಕುಲದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದ ಮಧುವರಸರ ಮಗಳಿಗೂ ಮದುವೆಯಾಯಿತು. ರಾಜಾಜ್ಞೆಯಂತೆ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ನೆನೆಯುತ್ತದೆ. ಕೋಣನ ಕತೆಯಲ್ಲೂ ಇಲ್ಲೂ ಆರೋಪ ಒಂದೇ: ಜಾತಿ ಮೀರಿದ ಮದುವೆ. ಅಲ್ಲಿ ಸತ್ತವನು ಅಪರಾಧಿಯಾದ; ಇಲ್ಲಿ ಸತ್ತವರು ಹುತಾತ್ಮರಾದರು. ಕತೆಯನ್ನು ಕೊಂದವರು ಹೇಳದೆ, ಕಳೆದುಕೊಂಡವರು ಹೇಳಿದ್ದೇ ಇದಕ್ಕೆ ಕಾರಣ.

ಆದರೆ ಕಲ್ಯಾಣದಲ್ಲೂ ಕತೆ ಅಲ್ಲಿಗೆ ಮುಗಿಯಲಿಲ್ಲ. ಪ್ರತೀಕಾರವಾಗಿ ಬಿಜ್ಜಳನ ಕೊಲೆಯಾಯಿತೆಂದು ಅದೇ ಪರಂಪರೆ ಹೇಳುತ್ತದೆ. ರಕ್ತಕ್ಕೆ ರಕ್ತ ಕೇಳುವ ಮನಸ್ಸು ಶರಣರ ಊರನ್ನೂ ಬಿಡಲಿಲ್ಲ. ಮುದ್ದೇಬಿಹಾಳದ ಕಡೆಯಿಂದ ಹೊಳೆ ದಾಟಿ ಕೂಡಲಸಂಗಮಕ್ಕೆ ಹೋಗಿ ಬಸವಣ್ಣನವರ ಐಕ್ಯಸ್ಥಳ ನೋಡುವಾಗ ಇದನ್ನೂ ನೆನೆಯಬೇಕು.

ಇಂದಿನ ಮಾತು

ಗುಡಿಯ ಆವರಣದ ಪ್ರಾಣಿಬಲಿಯನ್ನು ತಡೆಯುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದ ಇದೆ. ನಿಧಿಯಾಸೆಗೆ ಮಾಡುವ ಅಮಾನುಷ ಕೃತ್ಯ, ದೆವ್ವ ಬಿಡಿಸುವ ನೆಪದ ಹೊಡೆತ ಮುಂತಾದವನ್ನು ತಡೆಯುವ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಕಾನೂನು ಕತ್ತಿಯನ್ನು ಕಸಿಯಬಲ್ಲದು. ತೋರುವ ಬೆರಳನ್ನು ನಾವೇ ಮಡಚಬೇಕು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿ, ವಚನಗಳ ಸಂಶೋಧನೆಗೆ ಬಾಳನ್ನೇ ಕೊಟ್ಟ ಎಂ. ಎಂ. ಕಲಬುರ್ಗಿಯವರು ತಮ್ಮ ಬರಹ, ಮಾತುಗಳಿಗಾಗಿ ಹಲವು ಸಲ ಜನರ ಕೋಪಕ್ಕೆ ಗುರಿಯಾಗಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಗೇ ಬಂದು ಗುಂಡಿಕ್ಕಿ ಕೊಂದರು.

ನಿಮ್ಮ ಊರಿನಲ್ಲಿ ಮುಂದಿನ ಸಲ ಎಲ್ಲರೂ ಒಬ್ಬರನ್ನೇ ದೂರುತ್ತಿರುವಾಗ ಎರಡು ಪ್ರಶ್ನೆ ಕೇಳಿ ನೋಡಿ. ಈ ಮಾತನ್ನು ಹೇಳುತ್ತಿರುವವರು ಯಾರು? ದೂರಿಸಿಕೊಂಡವರನ್ನು ಯಾರಾದರೂ ಮಾತಾಡಿಸಿದ್ದಾರೆಯೇ? ಮನೆಮಂದಿಯೊಡನೆ, ನೆರೆಹೊರೆಯವರೊಡನೆ ಈ ಬಗ್ಗೆ ಚರ್ಚಿಸಿ. ಎರಡನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ, ಮೊದಲು ಹೋಗಿ ಅವರನ್ನು ಮಾತಾಡಿಸಿ ಬನ್ನಿ.