ಓಟ್ಸ್ ಚಾಕೊಲೇಟ್ ಕುಕೀಸ್ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತಾ? ಲೆಕ್ಕ ಹಾಕಿ ನೋಡೋಣ

“ಮನೆಯಲ್ಲೇ ಮಾಡಿದ ಓಟ್ಸ್ ಕುಕೀಸ್. ಕೆಮಿಕಲ್ ಇಲ್ಲ, ಶುಗರ್, ಕೊಲೆಸ್ಟ್ರಾಲ್ ಇರುವವರೂ ಧೈರ್ಯವಾಗಿ ತಿನ್ನಬಹುದು.” ಕುಕಿ ಮಿಕ್ಸ್ ಪ್ಯಾಕೆಟ್‌ನ ಫೋಟೊ ಅಥವಾ ಒಂದು ನಿಮಿಷದ ರೆಸಿಪಿ ವಿಡಿಯೊ ಜೊತೆ ಇಂಥ ಸಾಲು ಫ್ಯಾಮಿಲಿ ಗ್ರೂಪಿಗೆ ಬಂದರೆ ನಂಬಿಬಿಡುವುದು ಸುಲಭ. ಓಟ್ಸ್ ಒಳ್ಳೆಯದು ಎಂದು ಡಾಕ್ಟರ್ ಹೇಳಿರುತ್ತಾರೆ, ಮನೆ ತಿಂಡಿ ಒಳ್ಳೆಯದು ಎಂದು ಅಜ್ಜಿ ಹೇಳಿರುತ್ತಾರೆ. ಎರಡೂ ಸೇರಿದ ಮೇಲೆ ಇನ್ನೇನು ಅನುಮಾನ?

ಸಮಸ್ಯೆ ಇರುವುದು ‘ಧೈರ್ಯವಾಗಿ’ ಎಂಬ ಪದದಲ್ಲಿ. ಸಂಜೆ ಕಾಫಿ ಜೊತೆ ಒಂದು ತಿನ್ನುತ್ತಿದ್ದ ಅಪ್ಪ, ಇದು ಔಷಧಿಯಂತೆ ಎಂದುಕೊಂಡು ನಾಲ್ಕು ತಿನ್ನಲು ಶುರು ಮಾಡಿದರೆ ಏನಾಗುತ್ತದೆ ಎಂಬುದು ನಿಜವಾದ ಪ್ರಶ್ನೆ.

ಓಟ್ಸ್ ಬಗ್ಗೆ ಹೇಳುವುದು ಸುಳ್ಳಾ?

ಅಲ್ಲ. ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಎಂಬ ನಾರಿನಂಶ ಇದೆ. ನೀರಿನಲ್ಲಿ ಬೆಂದಾಗ ಓಟ್ಸ್ ಗಂಜಿ ಲೋಳೆಯಾಗುವುದು ಇದರಿಂದಲೇ. ಕರುಳಿನಲ್ಲೂ ಇದು ಹಾಗೇ ಲೋಳೆಯಾಗಿ, ಕೊಲೆಸ್ಟ್ರಾಲ್‌ನಿಂದ ತಯಾರಾಗುವ ಪಿತ್ತರಸದ ಆಮ್ಲಗಳನ್ನು ಹಿಡಿದು ಮಲದ ಮೂಲಕ ಹೊರಗೆ ಹಾಕುತ್ತದೆ. ಆ ನಷ್ಟ ತುಂಬಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲ್ ಬಳಸಿಕೊಳ್ಳುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲೇ ಓಟ್ಸ್ ಪ್ಯಾಕೆಟ್ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಅನುಮತಿ ಕೊಟ್ಟಿತು. ಆದರೆ ಅದಕ್ಕೆ ಷರತ್ತು ಇದೆ: ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಸಿಗಬೇಕು, ಜೊತೆಗೆ ಒಟ್ಟು ಊಟದಲ್ಲಿ ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಇರಬೇಕು. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಈ ಷರತ್ತೇ.

ಒಂದು ಕುಕಿಯಲ್ಲಿ ಎಷ್ಟು ಓಟ್ಸ್ ಇರುತ್ತದೆ?

ಒಂದು ಸಾಮಾನ್ಯ ಅಳತೆ ತೆಗೆದುಕೊಳ್ಳೋಣ. ಓಟ್ಸ್ 120 ಗ್ರಾಂ, ಮೈದಾ 90 ಗ್ರಾಂ, ಸಕ್ಕರೆ 120 ಗ್ರಾಂ, ಬೆಣ್ಣೆ 110 ಗ್ರಾಂ, ಚಾಕೊಲೇಟ್ ಚಿಪ್ಸ್ 90 ಗ್ರಾಂ, ಒಂದು ಮೊಟ್ಟೆ. ಇದರಲ್ಲಿ 20 ಕುಕೀಸ್ ಮಾಡಿದೆವು ಎನ್ನಿ. ಒಂದೊಂದಕ್ಕೆ ಬರುವುದು ಇಷ್ಟು:

• ಓಟ್ಸ್: 6 ಗ್ರಾಂ
• ಬೆಣ್ಣೆ: 5.5 ಗ್ರಾಂ
• ಸಕ್ಕರೆ: 6 ಗ್ರಾಂ. ಚಾಕೊಲೇಟ್ ಚಿಪ್ಸ್‌ನಲ್ಲಿ ಅರ್ಧದಷ್ಟು ಸಕ್ಕರೆಯೇ ಇರುವುದರಿಂದ ಅದನ್ನೂ ಸೇರಿಸಿದರೆ ಸುಮಾರು 8 ಗ್ರಾಂ, ಅಂದರೆ ಎರಡು ಟೀ ಚಮಚ
• ಶಕ್ತಿ: ಸುಮಾರು 130 ಕ್ಯಾಲರಿ

ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಸುಮಾರು 4%. ಅಂದರೆ ಒಂದು ಕುಕಿಯಲ್ಲಿ ಕಾಲು ಗ್ರಾಂ ಕೂಡ ಇಲ್ಲ. ಆ 3 ಗ್ರಾಂ ಮುಟ್ಟಲು 12ರಿಂದ 13 ಕುಕೀಸ್ ತಿನ್ನಬೇಕು. ಅಷ್ಟು ತಿಂದರೆ ಸುಮಾರು 100 ಗ್ರಾಂ ಸಕ್ಕರೆ, 70 ಗ್ರಾಂ ಹತ್ತಿರ ಬೆಣ್ಣೆ ಹೊಟ್ಟೆಗೆ ಹೋಗುತ್ತದೆ. ನಮ್ಮ ಎಫ್‌ಎಸ್‌ಎಸ್‌ಎಐ ಲೇಬಲ್ ಲೆಕ್ಕಕ್ಕೆ ಇಟ್ಟುಕೊಂಡಿರುವ ಪ್ರಮಾಣ, ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ, ಸೇರಿಸಿದ ಸಕ್ಕರೆ 50 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ. ಬೆಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ. ಅಂದರೆ ಕೊಲೆಸ್ಟ್ರಾಲ್ ಇಳಿಸಲು ಹೊರಟು, ಅದನ್ನು ಏರಿಸುವ ಕೊಬ್ಬನ್ನೇ ಮಿತಿ ಮೀರಿ ತಿಂದಂತಾಯಿತು.

ಅದೇ 3 ಗ್ರಾಂ ಬೇಕಿದ್ದರೆ 75 ಗ್ರಾಂ ಓಟ್ಸ್ ಸಾಕು. ಗಂಜಿ, ಉಪ್ಪಿಟ್ಟು, ದೋಸೆ, ಹೇಗೆ ಬೇಕಾದರೂ ಎರಡು ಹೊತ್ತಿಗೆ ಹಂಚಿಕೊಂಡು ತಿನ್ನಬಹುದು.

ಶುಗರ್ ಇರುವವರು ತಿನ್ನಲೇಬಾರದಾ?

ಹಾಗೇನಿಲ್ಲ. ಆದರೆ ಅದನ್ನು ಸಿಹಿತಿಂಡಿ ಎಂದೇ ಲೆಕ್ಕ ಇಡಬೇಕು. ಮೇಲಿನ ಅಳತೆಯ ಒಂದು ಕುಕಿಯಲ್ಲಿ ಹೆಚ್ಚೂಕಡಿಮೆ ಒಂದು ಸಣ್ಣ ಫುಲ್ಕಾದಷ್ಟು ಕಾರ್ಬೋಹೈಡ್ರೇಟ್ ಇದೆ. ನಾಲ್ಕು ತಿಂದರೆ ನಾಲ್ಕು ಫುಲ್ಕಾ, ಅದೂ ಊಟದ ಜೊತೆಗೆ ಹೆಚ್ಚುವರಿಯಾಗಿ. ಬ್ರೌನ್ ಶುಗರ್ ಅಥವಾ ಬೆಲ್ಲ ಹಾಕಿದರೂ ರಕ್ತದ ಸಕ್ಕರೆಯ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಎರಡರಲ್ಲೂ ಬಹುಪಾಲು ಇರುವುದು ಅದೇ ಸುಕ್ರೋಸ್. ಎಷ್ಟು ತಿನ್ನಬಹುದು ಎಂದು ನಿಮ್ಮ ಡಾಕ್ಟರನ್ನೇ ಕೇಳಿ.

ಮಿಕ್ಸ್ ಪ್ಯಾಕೆಟ್ ಕೊಳ್ಳುವಾಗ ಏನು ನೋಡಬೇಕು?

ಮುಂದಿನ ಚಿತ್ರ ಬಿಡಿ, ಪ್ಯಾಕೆಟ್ ತಿರುಗಿಸಿ. ಭಾರತದ ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಸಕ್ಕರೆ ಮೊದಲು, ಓಟ್ಸ್ ಮೂರನೆಯದು ಅಂತ ಇದ್ದರೆ ಅದು ಓಟ್ಸ್ ಸೇರಿಸಿದ ಸಕ್ಕರೆ ಮಿಕ್ಸ್.

ಇನ್ನೊಂದು ವಿಷಯ. ಮಿಕ್ಸ್‌ನಲ್ಲಿ ಇರುವುದು ಒಣ ಪದಾರ್ಥ ಮಾತ್ರ. ಬೆಣ್ಣೆ, ಹಾಲು, ಮೊಟ್ಟೆ ಹಾಕುವವರು ನೀವು. ಹಿಂದೆ ಬರೆದ ಕ್ಯಾಲರಿ ಒಣ ಮಿಕ್ಸ್‌ನದ್ದೋ, ತಯಾರಾದ ಕುಕಿಯದ್ದೋ ಎಂದು ಓದಿ ನೋಡಿ. ಒಣ ಮಿಕ್ಸ್‌ನದ್ದಾದರೆ ಬೆಣ್ಣೆಯ ಲೆಕ್ಕ ಅದರಲ್ಲಿ ಇರುವುದಿಲ್ಲ.

‘ಕೆಮಿಕಲ್’ ಎಂದು ಹೆದರುವವರಿಗೆ: ಪಟ್ಟಿಯಲ್ಲಿ 500 ಎಂಬ ಸಂಖ್ಯೆ ಕಂಡರೆ ಗಾಬರಿಯಾಗಬೇಡಿ. ಅದು ಸೋಡಿಯಂ ಕಾರ್ಬೊನೇಟ್‌ಗಳ ಗುರುತು. ನಿಮ್ಮ ಅಡುಗೆ ಸೋಡಾ ಕೂಡ ಅದೇ ಗುಂಪಿನದು.

ಹಸಿ ಹಿಟ್ಟು ನೆಕ್ಕಬಹುದಾ?

ಮೊಟ್ಟೆ ಹಾಕಿಲ್ಲ, ಮಗು ಸ್ವಲ್ಪ ತಿಂದರೆ ಏನಾಗುತ್ತೆ ಎಂದು ಹಲವರು ಬಿಟ್ಟುಬಿಡುತ್ತಾರೆ. ಆದರೆ ಮೈದಾ ಕೂಡ ಹಸಿ ಪದಾರ್ಥವೇ. ಗೋಧಿ ಹೊಲದಿಂದ ಗಿರಣಿಗೆ ಬರುತ್ತದೆ, ಪುಡಿಯಾಗುತ್ತದೆ. ಬ್ಯಾಕ್ಟೀರಿಯಾ ಸಾಯುವಷ್ಟು ಬಿಸಿ ಸಾಮಾನ್ಯವಾಗಿ ಎಲ್ಲೂ ತಾಗುವುದಿಲ್ಲ. 2016ರಲ್ಲಿ ಅಮೆರಿಕದಲ್ಲಿ ಹಿಟ್ಟಿನ ಮೂಲಕ ಹರಡಿದ ಇ. ಕೋಲೈ ಸೋಂಕಿನಿಂದ 63 ಜನ ಕಾಯಿಲೆ ಬಿದ್ದರು. ಹಾಗಾಗಿ ರುಚಿ ನೋಡುವುದು ಬೆಂದ ಮೇಲೆಯೇ. ಹಿಟ್ಟು ಮುಟ್ಟಿದ ಕೈ, ಬಟ್ಟಲು ಸೋಪು ಹಾಕಿ ತೊಳೆಯಿರಿ.

ಹಾಗಾದರೆ ಹೇಗೆ ಮಾಡಿದರೆ ಒಳ್ಳೆಯದು?

• ಮನೆಯಲ್ಲೇ ಒಣ ಮಿಕ್ಸ್ ಮಾಡಿ ಡಬ್ಬಿಯಲ್ಲಿಟ್ಟರೆ ಸಕ್ಕರೆಯ ಹಿಡಿತ ನಿಮ್ಮ ಕೈಯಲ್ಲಿರುತ್ತದೆ. ಕಾಲು ಭಾಗ ಕಡಿಮೆ ಮಾಡಿದರೂ ಕುಕಿ ಚೆನ್ನಾಗಿಯೇ ಬರುತ್ತದೆ, ಸ್ವಲ್ಪ ಕಡಿಮೆ ಹರಡುತ್ತದೆ ಅಷ್ಟೆ.
• ಕೊಂಡ ಮಿಕ್ಸ್ ಆದರೆ ಒಂದು ಹಿಡಿ ಓಟ್ಸ್, ಸ್ವಲ್ಪ ಹುರಿದ ಶೇಂಗಾ, ಒಂದೆರಡು ಚಮಚ ಹಾಲು ಸೇರಿಸಿ. ಸಿಹಿ ಹಂಚಿಹೋಗುತ್ತದೆ.
• ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಓಟ್ಸ್ ನೀರು ಹೀರಿಕೊಳ್ಳುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ, ಕುಕಿ ತಟ್ಟೆಯಂತೆ ಹರಡುವುದಿಲ್ಲ.
• ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ ಕಟ್ಟಿ. 180 ಡಿಗ್ರಿಯಲ್ಲಿ 10ರಿಂದ 12 ನಿಮಿಷ, ಅಂಚು ಕೆಂಪಾದರೆ ತೆಗೆಯಿರಿ. ನಡುವೆ ಮೆತ್ತಗಿದ್ದರೆ ಇನ್ನಷ್ಟು ಬೇಯಿಸಿ ಸುಡಬೇಡಿ. ತಟ್ಟೆಯಲ್ಲೇ ಆರುವಾಗ ಗಟ್ಟಿಯಾಗುತ್ತದೆ.

ಒಟ್ಟಿನಲ್ಲಿ, ಓಟ್ಸ್ ಚಾಕೊಲೇಟ್ ಕುಕಿ ಒಂದು ಒಳ್ಳೆಯ ಸಿಹಿತಿಂಡಿ, ಅದರಲ್ಲಿ ತಪ್ಪೇನಿಲ್ಲ. ಔಷಧಿ ಮಾತ್ರ ಅಲ್ಲ. ಮುಂದಿನ ಬಾರಿ ಆ ಫಾರ್ವರ್ಡ್ ಬಂದರೆ ರೆಸಿಪಿ ಇಟ್ಟುಕೊಳ್ಳಿ, ‘ಧೈರ್ಯವಾಗಿ ತಿನ್ನಿ’ ಎಂಬ ಸಾಲು ತೆಗೆದುಹಾಕಿ, ಆಮೇಲೆ ಕಳಿಸಿ.