ಹಾಲಿನ ಕ್ಯಾನಿನಲ್ಲಿ ಬಂದ ರಕ್ತ

ಪುಣೆ ಜಿಲ್ಲೆಯ ಭೋರಿನಲ್ಲಿರುವ ನಮ್ಮ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಭತ್ತದ ಚೀಲಗಳಿವೆ. ಅವುಗಳ ಸಂದಿಯಲ್ಲಿ ಇಲಿಗಳಿಗೆಂದು ಇಟ್ಟ ಕೇಕಿನ ತುಂಡುಗಳು. ಒಳಗೆ ದೇವರ ಗೂಡಿನ ಪಕ್ಕ ಅತ್ತೆಯ ಗುಳಿಗೆಗಳು. ಪುಣೆಯಲ್ಲಿ ಮೊಣಕಾಲಿನ ಕೀಲು ಬದಲಿಸಿಕೊಂಡು ನಾಲ್ಕನೇ ದಿನಕ್ಕೆ ಊರಿಗೆ ಬಂದಿದ್ದಳು. ನಾನು ಹೋದಾಗ ಒಂದು ಪಟ್ಟಿ ಅರ್ಧ ಮುಗಿದು ಡಬ್ಬಿಯ ತಳ ಸೇರಿತ್ತು.

"ಕಾಲು ಛಲೋ ಆಗೇತಿ, ಇನ್ನ ಯಾಕೋ ಈ ಗುಳಿಗಿ?"

ಅದು ನೋವಿನ ಗುಳಿಗೆಯಲ್ಲ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟದ್ದು. ಎಷ್ಟು ದಿನ ಎಂಬುದು ಆಸ್ಪತ್ರೆಯ ಕಾಗದದ ಎರಡನೇ ಪುಟದಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಅತ್ತೆಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ. ಕಾಗದಕ್ಕೆ ಎರಡೂ ಬರುತ್ತಿರಲಿಲ್ಲ.

ಹೊರಗಿನ ಇಲಿ ಕೇಕು ಮತ್ತು ಒಳಗಿನ ಗುಳಿಗೆ ಬೇರೆ ಬೇರೆ ರಾಸಾಯನಿಕಗಳು. ಆದರೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಕಸುಬು ಎರಡರದ್ದೂ ಒಂದೇ. ಈ ನಂಟಿನ ಜಾಡು ಹಿಡಿದು ಹೋದರೆ ಸಿಗುವುದು ಆಸ್ಪತ್ರೆಯಲ್ಲ, ಹುಲ್ಲಿನ ಬಣವೆ.

1920ರ ದಶಕದಲ್ಲಿ ಕೆನಡಾದಲ್ಲೂ ಅಮೆರಿಕದ ಉತ್ತರದ ರಾಜ್ಯಗಳಲ್ಲೂ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೋಡು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ತಿಂದದ್ದು ಸ್ವೀಟ್ ಕ್ಲೋವರ್ ಎಂಬ ಮೇವು. ಒದ್ದೆಯಾಗಿ ಬೂಸು ಹಿಡಿದ ಮೇವೇ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಕಂಡುಹಿಡಿದ. ಬೂಸು ಹಿಡಿದದ್ದನ್ನು ದನಕ್ಕೆ ಹಾಕಬಾರದೆಂದು ಭೋರಿನ ಮಳೆಯಲ್ಲಿ ಬಣವೆ ಕಾಯುವ ಯಾವ ರೈತನಾದರೂ ಹೇಳುತ್ತಾನೆ. ಆದರೆ ಕಷ್ಟದ ವರ್ಷದಲ್ಲಿ ಬೇರೆ ಮೇವು ಕೊಳ್ಳಲು ದುಡ್ಡೆಲ್ಲಿ?

1933ರ ಫೆಬ್ರವರಿಯ ಒಂದು ಶನಿವಾರ, ಹಿಮಗಾಳಿಯಲ್ಲಿ, ವಿಸ್ಕಾನ್ಸಿನ್‌ನ ಎಡ್ ಕಾರ್ಲ್‌ಸನ್ ಎಂಬ ರೈತ ಮುನ್ನೂರು ಕಿಲೋಮೀಟರ್ ದಾಟಿ ಮ್ಯಾಡಿಸನ್‌ಗೆ ಬಂದ. ಲಾರಿಯಲ್ಲಿ ಸತ್ತ ಪಡ್ಡೆಯೊಂದು, ಹಾಳಾದ ಮೇವಿನ ಹೊರೆ, ಜೊತೆಗೆ ಒಂದು ಹಾಲಿನ ಕ್ಯಾನು. ಕ್ಯಾನಿನಲ್ಲಿದ್ದದ್ದು ಹೆಪ್ಪುಗಟ್ಟದ ರಕ್ತ. ಪಶುವೈದ್ಯರ ಕಚೇರಿಗೆ ಬೀಗ. ತೆರೆದಿದ್ದ ಬಾಗಿಲೆಂದರೆ ಜೀವರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯದ್ದು. ಲಿಂಕ್ ಅವರಿಗೆ ಹೇಳಲು ಔಷಧವೇನೂ ಇರಲಿಲ್ಲ. ಆ ಮೇವು ಹಾಕಬೇಡ ಎಂದಷ್ಟೇ ಹೇಳಿ ಕಳಿಸಿದರು. ಕಾರ್ಲ್‌ಸನ್ ಅದೇ ಹಿಮದಲ್ಲಿ ಬರಿಗೈಲಿ ಹಿಂದಿರುಗಿದ. ಈ ಕಥೆಯಲ್ಲಿ ನನಗೆ ಪ್ರಿಯನಾದವನು ಇವನೇ. ಪ್ರಶಸ್ತಿಗಳೆಲ್ಲ ಇನ್ನೊಬ್ಬರಿಗೆ ಹೋದವು.

ಕ್ಯಾನು ಮಾತ್ರ ಪ್ರಯೋಗಾಲಯದವರ ನಿದ್ದೆ ಕೆಡಿಸಿತು. ಮೇವಿನೊಳಗಿನ ವಿಷವನ್ನು ಹರಳಾಗಿ ಹಿಡಿಯುವ ಹೊತ್ತಿಗೆ 1939 ಬಂದಿತ್ತು. ಅದೇ ಡೈಕೂಮರಾಲ್. ಕ್ಷಯ ಹಿಡಿದು ಹಾಸಿಗೆಯಲ್ಲಿದ್ದಾಗ ಲಿಂಕ್ ಅವರಿಗೆ ಇದರಿಂದ ಇಲಿ ಪಾಷಾಣ ಮಾಡುವ ಯೋಚನೆ ಹೊಳೆಯಿತು. 1948ರಲ್ಲಿ ಅದೇ ಕುಲದ ವಾರ್ಫರಿನ್ ಇಲಿ ಪಾಷಾಣವಾಗಿ ಪೇಟೆಗೆ ಬಂತು. 1951ರಲ್ಲಿ ಅಮೆರಿಕದ ಸೇನೆಯ ಯುವಕನೊಬ್ಬ ಸಾಯಲೆಂದು ಅದನ್ನು ತಿಂದು, ವಿಟಮಿನ್ ಕೆ ಪಡೆದು ಬದುಕಿದ. ತಿಂದರೂ ಬದುಕಿಸಬಹುದಾದ ವಿಷವೆಂದು ವೈದ್ಯರಿಗೆ ಧೈರ್ಯ ಬಂತು. 1954ರಲ್ಲಿ ಅದು ಮನುಷ್ಯರ ಔಷಧವಾಯಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಕೂಡ ಅದನ್ನು ನುಂಗಿದರು.

ಮೊಣಕಾಲಿಗೂ ಇದಕ್ಕೂ ಏನು? ಎಲುಬು ಕೊಯ್ದಾಗ ದೇಹ ರಕ್ತ ನಿಲ್ಲಿಸಲು ಹೊರಡುತ್ತದೆ. ಅಲ್ಲಾಡದೆ ಮಲಗಿದ ಕಾಲಿನ ಆಳದ ರಕ್ತನಾಳದಲ್ಲಿ ಹರಿವು ಮಂದವಾಗುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಮನುಷ್ಯ ನಿಂತಲ್ಲೇ ಕುಸಿಯಬಹುದು. ಆಧುನಿಕ ಸೊಂಟದ ಕೀಲು ಬದಲಾವಣೆಯ ಪಿತಾಮಹ ಜಾನ್ ಚಾರ್ನ್ಲಿ ಮತ್ತು ಸಹೋದ್ಯೋಗಿಗಳು 1977ರಲ್ಲಿ 7,959 ಶಸ್ತ್ರಚಿಕಿತ್ಸೆಗಳ ಲೆಕ್ಕ ಕೊಟ್ಟರು. ನೂರಕ್ಕೆ ಒಬ್ಬರಂತೆ ಜನ ಸತ್ತದ್ದು ಈ ಹೆಪ್ಪಿನಿಂದ. ಅದಕ್ಕೂ ಎರಡು ವರ್ಷ ಮೊದಲು ಲಂಡನ್ನಿನಲ್ಲಿ ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್ ದೊಡ್ಡ ಶಸ್ತ್ರಚಿಕಿತ್ಸೆಗೊಳಗಾದ 4,121 ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿದ್ದರು. ಹೆಪ್ಪು ತಡೆಯುವ ಹೆಪಾರಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಚುಚ್ಚಿಸಿಕೊಂಡವರಲ್ಲಿ ಶ್ವಾಸಕೋಶದ ಹೆಪ್ಪಿನಿಂದ ಸತ್ತವರು ಇಬ್ಬರು, ಚುಚ್ಚಿಸಿಕೊಳ್ಳದವರಲ್ಲಿ 16.

ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಫಿಸಿಶಿಯನ್‌ಗೆ ಹೆಪ್ಪಿನ ಭಯ, ಎಲುಬಿನ ಡಾಕ್ಟರಿಗೆ ರಕ್ತಸ್ರಾವದ ಭಯ. ಹೊಲಿದ ಗಾಯದೊಳಗೆ ರಕ್ತ ನಿಂತು ಕೀವಾದರೆ ಹೊಸ ಕೀಲೇ ಹೋದೀತು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಅಗ್ಗದ ಆಸ್ಪಿರಿನ್ ಸಾಕೇ ಎಂಬುದಂತೂ ಹಗ್ಗಜಗ್ಗಾಟ. 2018ರ ಕೆನಡಾದ ಅಧ್ಯಯನದಲ್ಲಿ ಎಲ್ಲರಿಗೂ ಮೊದಲ ಐದು ದಿನ ಹೆಪ್ಪು ತಡೆಯುವ ರಿವಾರೊಕ್ಸಾಬಾನ್ ಗುಳಿಗೆ ಕೊಟ್ಟು, ಆಮೇಲೆ ಅರ್ಧ ಜನರಿಗೆ ಆಸ್ಪಿರಿನ್ ಕೊಟ್ಟರು, ಉಳಿದವರಿಗೆ ಅದನ್ನೇ ಮುಂದುವರಿಸಿದರು, ಫಲಿತಾಂಶ ಸರಿಸಮ. 2022ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಬರೀ ಆಸ್ಪಿರಿನ್ ಸೋತಿತು: ಹೆಪ್ಪು ಕಟ್ಟಿದ್ದು ಶೇ 3.45, ಎನೊಕ್ಸಾಪರಿನ್ ಚುಚ್ಚುಮದ್ದಿನಲ್ಲಿ ಶೇ 1.82.

"ನಮ್ಮವರಿಗೆ ಇದು ಬರೋದಿಲ್ಲ" ಎಂಬ ಮಾತು ಏಷ್ಯಾದಲ್ಲಿ ಬಹಳ ಕಾಲ ನಡೆಯಿತು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏಷ್ಯಾದ ಏಳು ದೇಶಗಳಲ್ಲಿ ಎಲುಬಿನ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಹೆಪ್ಪು ತಡೆಯುವ ಔಷಧ ಕೊಡದೆ, ಕಾಲಿನ ರಕ್ತನಾಳ ಕಾಣುವಂತೆ ದ್ರವ ಚುಚ್ಚಿ ಎಕ್ಸ್‌ರೇ ತೆಗೆದು ನೋಡಿದಾಗ ಶೇ 41 ಮಂದಿಯಲ್ಲಿ ಹೆಪ್ಪಿತ್ತು. ಬಹುತೇಕರಿಗೆ ಅದು ಗೊತ್ತೇ ಇರಲಿಲ್ಲ. ಅತ್ತೆಯ "ಛಲೋ ಆಗೇತಿ" ಈ ಗುಂಪಿನದೇ ಮಾತು.

ಇಂದು ಅದೇ ದಿನವೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ, ಅದೂ ಔಷಧವೇ. ಗುಳಿಗೆಯನ್ನು ಸಾಮಾನ್ಯವಾಗಿ ಎರಡು ವಾರದಿಂದ ಐದು ವಾರದವರೆಗೆ ಬರೆಯುತ್ತಾರೆ. ಅಪಾಯ ಮನೆಗೆ ಬಂದ ಮೇಲೂ ಉಳಿದಿರುತ್ತದೆ. ನಡುವೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದರೆ ರಕ್ತಸ್ರಾವ ಹೆಚ್ಚಬಹುದು. ಮೀನಖಂಡ ಊದಿಕೊಂಡರೆ, ಮಲ ಕಪ್ಪಾದರೆ ಡಾಕ್ಟರಿಗೆ ಫೋನು ಮಾಡಬೇಕು; ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ.

ಅತ್ತೆಯ ಡಾಕ್ಟರಿಗೆ ಫೋನು ಹಚ್ಚಿ ಕೇಳಿದೆ. ಅವರು ಹೇಳಿದ ಕೊನೆಯ ತಾರೀಖನ್ನು ಕಾಲನಿರ್ಣಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಬಂದಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹೊಸ ಕೀಲಿನೊಂದಿಗೆ ಬಂದಿದ್ದರೆ ಆ ಕಾಗದದ ಎರಡನೇ ಪುಟ ತಿರುಗಿಸಿ ಓದಿ ಹೇಳಿ.