ಸಹಿಯ ಅಡಿಯ ಚಿತ್ರ

ಬೆಂಗಳೂರಿನ ಮೈಸೂರು ರಸ್ತೆಯ ಮಗ್ಗುಲಿನಲ್ಲಿರುವ ದೀಪಾಂಜಲಿ ನಗರದಲ್ಲಿ ಒಬ್ಬರು ಸಣ್ಣ ಮುದ್ರಣಾಲಯವನ್ನು ನಡೆಸುತ್ತಿದ್ದಾರೆಂದು ಭಾವಿಸೋಣ. ಗಿರಾಕಿಗಳಿಗೆ ಅವರು ಬರೆಯುವ ಪ್ರತಿಯೊಂದು ಇ-ಮೇಲ್ ಪತ್ರದ ಕೊನೆಯಲ್ಲಿಯೂ ಅವರ ಹೆಸರು, ಅದರ ಅಡಿಯಲ್ಲಿ ಮುದ್ರಣಾಲಯದ ಲಾಂಛನ. ಲಾಂಛನವನ್ನು ಒತ್ತಿದೊಡನೆ ಮುದ್ರಣಾಲಯದ ಜಾಲತಾಣವು ತೆರೆದುಕೊಳ್ಳುತ್ತದೆ. ಚಿತ್ರಕ್ಕೇ ಏನೋ ಒಂದು ಶಕ್ತಿ ಬಂದಂತೆ ನಮಗೆ ತೋರುವುದು ಸಹಜ. ಆದರೆ ಚಿತ್ರಕ್ಕೆ ಅಂತಹ ಶಕ್ತಿ ಯಾವುದೂ ಇಲ್ಲ.

ಇ-ಮೇಲ್ ವ್ಯವಸ್ಥೆಯು ಮೊದಲಿಗೆ ಅಕ್ಷರಗಳನ್ನು ಸಾಗಿಸುವುದಕ್ಕಾಗಿ ಮಾತ್ರ ರಚಿತವಾದುದು. ಅದೂ ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮಚಿಹ್ನೆಗಳು ಮೊದಲಾದ 128 ಸಂಕೇತಗಳನ್ನಷ್ಟೇ. ಹಾಗಿರುವಾಗ ಚಿತ್ರವು ಪ್ರಯಾಣ ಮಾಡುವುದೆಂತು? 1992ರ ಜೂನ್‌ನಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು ಪ್ರಕಟಿಸಿದ 'ಮೈಮ್' ಎಂಬ ನಿಯಮಾವಳಿಯು ಇದಕ್ಕೆ ಉಪಾಯವನ್ನು ಒದಗಿಸಿತು. ಚಿತ್ರದ ಮೂರು ಬೈಟ್‌ಗಳಲ್ಲಿ 24 ಬಿಟ್‌ಗಳಿರುತ್ತವೆ. ಅವನ್ನು ಆರಾರು ಬಿಟ್‌ಗಳ ನಾಲ್ಕು ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ 64 ಸಂಕೇತಗಳಲ್ಲಿ ಒಂದನ್ನು ಬರೆಯುತ್ತಾರೆ. ಮೂರಕ್ಕೆ ನಾಲ್ಕಾಗುವುದರಿಂದ, 30,000 ಬೈಟ್‌ಗಳ ಲಾಂಛನವು 40,000 ಅಕ್ಷರಗಳ ವೇಷದಲ್ಲಿ ಹೊರಡುತ್ತದೆ. ಇಲ್ಲೊಂದು ಸ್ವಾರಸ್ಯವುಂಟು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳದು. ಕಾಗುಣಿತದ ಗುರುತುಗಳನ್ನೂ ಅನುಸ್ವಾರವನ್ನೂ ಬೇರೆಬೇರೆಯಾಗಿ ಎಣಿಸಿದರೆ 'ದೀಪಾಂಜಲಿ' ಎಂಬುದರಲ್ಲಿ ಎಂಟು ಸಂಕೇತಗಳು, ಅಂದರೆ 24 ಬೈಟ್‌ಗಳು. ಈ ವೇಷ ತೊಟ್ಟಾಗ ಅವು ಸರಿಯಾಗಿ 32 ಅಕ್ಷರಗಳಾಗುತ್ತವೆ. ಶೇಷವೇ ಉಳಿಯುವುದಿಲ್ಲ!

ಇನ್ನು ಒತ್ತುವ ವಿಚಾರ. ಪತ್ರದ ಮರೆಯಲ್ಲಿ ಎಚ್‌ಟಿಎಂಎಲ್ ಎಂಬ ಭಾಷೆಯ ಬರಹವಿರುತ್ತದೆ. ಅದರಲ್ಲಿ ಕೊಂಡಿಯನ್ನು ಆರಂಭಿಸುವ ಗುರುತೊಂದು, ಮುಗಿಸುವ ಗುರುತೊಂದು. ಚಿತ್ರವು ಇವೆರಡರ ನಡುವೆ ಕುಳಿತಿರುತ್ತದೆ. ತಲುಪಬೇಕಾದ ವಿಳಾಸವು ಇರುವುದು ಆರಂಭದ ಗುರುತಿನಲ್ಲಿಯೇ ಹೊರತು ಚಿತ್ರದಲ್ಲಲ್ಲ. 2015ರ ನವೆಂಬರ್‌ನಲ್ಲಿ ಆರಂಭವಾದ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣವನ್ನೇ ನೆನೆಯಿರಿ. ಅಲ್ಲಿಂದ ಒಂದು ಗಾಡಿ ಚಲ್ಲಘಟ್ಟಕ್ಕೆ, ಇನ್ನೊಂದು ಎದುರು ದಿಕ್ಕಿನ ವೈಟ್‌ಫೀಲ್ಡಿಗೆ. ಯಾರಾದರೂ ವೈಟ್‌ಫೀಲ್ಡಿನ ಗಾಡಿಗೆ 'ಚಲ್ಲಘಟ್ಟ' ಎಂಬ ಫಲಕವನ್ನು ತಗುಲಿಸಿದರೆ ಹಳಿಗಳೇನೂ ತಿರುಗಲಾರವು. ಕೆಂಗೇರಿಗೆಂದು ಹತ್ತಿದವರು ವಿಜಯನಗರದ ಕಡೆಗೆ ಸಾಗಿರುತ್ತಾರೆ.

ವಂಚಕರು ಮಾಡುವುದು ಇದನ್ನೇ. ಬ್ಯಾಂಕಿನ ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅದರ ಬೆನ್ನಿಗೆ ತಮ್ಮ ವಿಳಾಸವನ್ನು ಕಟ್ಟಬಹುದು. ಆದುದರಿಂದ ಕಂಪ್ಯೂಟರಿನಲ್ಲಿ ಚಿತ್ರವನ್ನು ಒತ್ತುವ ಮುನ್ನ ಬಾಣದ ಗುರುತನ್ನು ಅದರ ಮೇಲೆ ಸುಮ್ಮನೆ ನಿಲ್ಲಿಸಿ, ಬ್ರೌಸರಿನ ಕೆಳಮೂಲೆಯಲ್ಲಿ ಮೂಡುವ ವಿಳಾಸವನ್ನು ಓದಬೇಕು.

ಇಂತಹ ಸಹಿಯನ್ನು ರಚಿಸುವುದು ಮಾತ್ರ ಸುಲಭ. ಜಿಮೇಲ್‌ನಲ್ಲಾದರೆ ಕಂಪ್ಯೂಟರಿನಲ್ಲಿ ಹಲ್ಲುಚಕ್ರದ ಗುರುತನ್ನು ಒತ್ತಿ, ಎಲ್ಲ ಸೆಟ್ಟಿಂಗ್‌ಗಳನ್ನೂ ತೆರೆದು, 'ಸಿಗ್ನೇಚರ್' ಎಂಬಲ್ಲಿಗೆ ಹೋಗಬೇಕು. ಅಲ್ಲಿ ಚಿತ್ರವನ್ನು ಸೇರಿಸಿ, ಅದನ್ನು ಆಯ್ದುಕೊಂಡು, ಸರಪಳಿಯ ಗುರುತನ್ನೊತ್ತಿ ವಿಳಾಸವನ್ನು ಬರೆದರಾಯಿತು. ಪುಟದ ತಳದಲ್ಲಿರುವ 'ಸೇವ್ ಚೇಂಜಸ್' ಅನ್ನು ಮರೆತವರ ಶ್ರಮವೆಲ್ಲ ವ್ಯರ್ಥ.

ಚಿತ್ರವನ್ನು ಪತ್ರದೊಳಗೇ ಅಡಕಮಾಡುವುದು ಒಂದು ಬಗೆ. ಬೇರೊಂದು ಸರ್ವರ್‌ನಲ್ಲಿಟ್ಟು, ಪತ್ರ ತೆರೆದಾಗ ತರಿಸುವುದು ಇನ್ನೊಂದು. ಎರಡನೆಯದರಲ್ಲಿ ಪತ್ರವು ಹಗುರ. ಆದರೆ ಓದುಗನು ಪತ್ರವನ್ನು ಯಾವಾಗ ತೆರೆದನೆಂಬುದು ಆ ಸರ್ವರಿಗೆ ತಿಳಿದುಹೋಗಬಹುದು. 2013ರ ಡಿಸೆಂಬರ್‌ನಿಂದ ಜಿಮೇಲ್ ಇಂತಹ ಚಿತ್ರಗಳನ್ನು ತನ್ನದೇ ಸರ್ವರುಗಳ ಮೂಲಕ ತರಿಸುವುದರಿಂದ ಓದುಗನ ಜಾಲವಿಳಾಸವಾದರೂ ಮರೆಯಾಗಿರುತ್ತದೆ. ಕೆಲವು ತಂತ್ರಾಂಶಗಳು ಹೊರಗಿನ ಚಿತ್ರವನ್ನು ಓದುಗನ ಅನುಮತಿಯಿಲ್ಲದೆ ತೋರಿಸುವುದೇ ಇಲ್ಲ. ಅಂತಹ ಕಡೆ ನಮ್ಮ ಮುದ್ರಕರ ಲಾಂಛನದ ಜಾಗದಲ್ಲಿ ಕಾಣುವುದು ಬರಿಯ ಚೌಕ. ಹೆಸರನ್ನೂ ಅಂಗಡಿಯ ವಿಳಾಸವನ್ನೂ ಚಿತ್ರದೊಳಗೇ ಬರೆಯಿಸಿದ್ದರೆ ಅವೂ ಮಾಯ. ಕಣ್ಣು ಕಾಣದವರಿಗಾಗಿ ಪತ್ರವನ್ನು ಗಟ್ಟಿಯಾಗಿ ಓದುವ ತಂತ್ರಾಂಶಕ್ಕೂ ಅವು ಸುಲಭವಾಗಿ ದಕ್ಕುವುದಿಲ್ಲ. ಅವನ್ನು ಚಿತ್ರದ ಮೇಲ್ಗಡೆ ಯುನಿಕೋಡ್ ಕನ್ನಡದಲ್ಲಿ ಟೈಪು ಮಾಡಿದ್ದರೆ, ಚೌಕವು ಖಾಲಿಯಿದ್ದರೂ 'ದೀಪಾಂಜಲಿ ನಗರ, ಮೈಸೂರು ರಸ್ತೆ' ಎಂಬುದು ಅಲ್ಲಿ ಉಳಿದಿರುತ್ತದೆ.